ಇನ್ನೂರು ಡಿಗ್ರಿಯ ಕ್ಯಾಮು

ತಮಿಳಿನಲ್ಲಿ ನನಗೆ ಜಗಳವಾಡಲು ಬರುತ್ತದೆ. ಆಟೋದವನು, ಬಸ್ಸಿನ ಕಂಡಕ್ಟರು, ನೀರಿನ ಲಾರಿಯವನು, ಯಾರೊಡನೆ ಬೇಕಾದರೂ ಅರ್ಧ ಗಂಟೆ ತಡವರಿಸದೆ ಜಗಳವಾಡಬಲ್ಲೆ. ಒಮ್ಮೊಮ್ಮೆ ಕನಸೂ ತಮಿಳಿನಲ್ಲೇ ಬೀಳುತ್ತದೆ. ಆದರೆ ಎಣಿಸುವುದು ಮಾತ್ರ, ದೇವರಾಣೆಗೂ, ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಆಗುವುದಿಲ್ಲ. ಮೊನ್ನೆ ಕ್ರೋಂಪೇಟೆ ಸ್ಟೇಷನ್ನಿನ ಪಕ್ಕ ಉಪ್ಪಿನಕಾಯಿಗೆಂದು ನಿಂಬೆಹಣ್ಣು ಆರಿಸುತ್ತ ಕುಕ್ಕರಗಾಲಿನಲ್ಲಿ ಕೂತಿದ್ದೆ. ಐವತ್ತು ಬೇಕಿತ್ತು. ಮೂವತ್ತೇಳು, ಮೂವತ್ತೆಂಟು ಎಂದು ನನ್ನಷ್ಟಕ್ಕೆ ಗೊಣಗುತ್ತಿದ್ದರೆ ಮಾರುವವಳು ಪಕ್ಕದ ಹೂವಿನವಳಿಗೆ ಕಣ್ಣು ಮಿಟುಕಿಸಿ, "ಎನ್ನ ಸಾರ್, ಪಳತ್ತುಕ್ಕು ಮಂದಿರಂ ಪೋಡ್ರೀಂಗಳಾ?" ಎಂದಳು. ಹಣ್ಣಿಗೆ ಮಂತ್ರ ಹಾಕುತ್ತಿದ್ದೀರಾ ಎಂದು. ಇಬ್ಬರೂ ನಕ್ಕರು, ನನಗೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದೆ.

ಹಣ್ಣಿನ ಚೀಲ ಹಿಡಿದು ಮನೆಗೆ ನಡೆಯುವಾಗ, ಇದೇ ಚಟದಿಂದ ಹೋದ ವರ್ಷ ನಮ್ಮ ಮನೆಯಲ್ಲಾದ ಒಂದು ಅವಾಂತರ ನೆನಪಾಯಿತು. ಅವಾಂತರ ಎಂದೆ. ಅದು ಅವಾಂತರವೋ ಅಲ್ಲವೋ ಕೊನೆಗೆ ನೀವೇ ಹೇಳಿ.

ನಮ್ಮದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಮಾಧ್ವರ ಮನೆ. ಮನೆಯೊಳಗಿನ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಬೆಂಗಳೂರಿನ ನೆಂಟರ ಮನೆಗೆ ಹೋಗಿ "ಸೊಲ್ಪ ಆ ಜನ್ನಲ್ ಮೂಡ್ತೀರಾ" ಎಂದರೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಿಟಕಿ ಮುಚ್ಚಿ ಎಂದು ನಾವು ಹೇಳುತ್ತಿದ್ದೇವೆಂದು ಅವರಿಗೆ ಹೊಳೆಯುವಷ್ಟರಲ್ಲಿ ಸೊಳ್ಳೆ ಒಳಗೆ ಬಂದಿರುತ್ತದೆ. ಅಂಥ ಮನೆಯಲ್ಲಿ ಎಣಿಕೆ ಮಾತ್ರ ಅಪ್ಪಟ ಕನ್ನಡದಲ್ಲಿ ಉಳಿದದ್ದಕ್ಕೆ ಕಾರಣ ನನ್ನ ಅಣ್ಣ. ವಾದಿರಾಜ. ನಮಗೆಲ್ಲ ವಾದಿ.

ವಾದಿ ನನಗಿಂತ ಐದು ವರ್ಷ ದೊಡ್ಡವನು. ಹಡಗಿನ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಸೋಮವಾರದಿಂದ ಶುಕ್ರವಾರದವರೆಗೆ ಇಸ್ತ್ರಿ ಅಂಗಿ, ತಲೆ ಬಗ್ಗಿಸಿದ ನಡಿಗೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಬೇರೆಯೇ ಮನುಷ್ಯ. ಹಳೆಯದೊಂದು ಬಿಳಿ ಕಾರಿತ್ತು. ಸಾವಿರದ ನೂರು ಸಿಸಿಯ ಪುಟ್ಟ ಕಾರು. ಅದನ್ನು ಬಿಚ್ಚುವುದು, ತೊಳೆಯುವುದು, ತೇಯುವುದು, ಮತ್ತೆ ಕೂಡಿಸುವುದು, ಶೋಳಾವರದ ಹಳೆಯ ವಿಮಾನಪಟ್ಟಿಗೆ ಒಯ್ದು ರೇಸಿನಲ್ಲಿ ಓಡಿಸುವುದು. ಒಂದು ಸಲವೂ ಮೊದಲನೆಯವನಾಗಿ ಬರಲಿಲ್ಲ. ಒಂದು ಸಲ ಮೂರನೆಯವನಾಗಿ ಬಂದದ್ದನ್ನು ನಾವು ಮೂವತ್ತು ವರ್ಷ ಹೇಳಿಕೊಂಡು ತಿರುಗಿದೆವು. ಆ ದಿನ ನಾಲ್ಕೇ ಕಾರು ಕೊನೆ ಮುಟ್ಟಿದ್ದವು ಎಂಬುದನ್ನು ಹೇಳುತ್ತಿರಲಿಲ್ಲ.

ಕಾರಿನೊಳಗೆ ತಲೆ ತೂರಿಸಿ ಅವನು ಒಂದೊಂದು ಸಂದನ್ನೂ ಅಳೆದು ಅಂಕಿ ಕೂಗುತ್ತಿದ್ದ. ಜಗಲಿಯ ತಿಣ್ಣೆಯ ಮೇಲೆ ಕೂತು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. "ಹನ್ನೆರಡು! ಬರ್ದ್ಯಾ? ಹತ್ತು! ಹತ್ತು ಕಣೋ, ಹತ್ತು!" ಕನ್ನಡದಲ್ಲೇ ಕೂಗಬೇಕೆಂದು ಅವನ ಕಟ್ಟಪ್ಪಣೆ. ತಮಿಳಿನಲ್ಲಿ ಕೂಗಿದರೆ ಬೇರೆ ರೇಸಿನವರಿಗೆ ನಮ್ಮ ಗುಟ್ಟು ತಿಳಿದುಹೋಗುತ್ತದಂತೆ! ತಮಿಳಿನ ಪತ್ತು ಗೊತ್ತಿರುವವನಿಗೆ ಹತ್ತು ತಿಳಿಯದೆ ಇರುತ್ತದೆಯೇ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಗುಟ್ಟು ಕದಿಯಲು ಯಾರೂ ಬರಲೂ ಇಲ್ಲ, ಬಿಡಿ. ಆದರೆ ಹಾಗೆ ಬರೆದೂ ಬರೆದೂ ಅಂಕಿ ಎನ್ನುವುದು ನನ್ನೊಳಗೆ ಅಣ್ಣನ ದನಿಯಲ್ಲೇ ಕೂತುಬಿಟ್ಟಿತು.

ಈಗ ಹೆಡ್ಡು, ಕ್ಯಾಮು ಎಂಬ ಎರಡು ಮಾತು ನಿಮಗೆ ಹೇಳಿಕೊಡಲೇಬೇಕು, ಇಲ್ಲದಿದ್ದರೆ ಮುಂದಿನದು ತಲೆಬುಡ ತಿಳಿಯುವುದಿಲ್ಲ. ನಾನೇನೂ ಮೆಕ್ಯಾನಿಕ್ ಅಲ್ಲ, ಇನ್ಶೂರೆನ್ಸ್ ಕಚೇರಿಯಲ್ಲಿ ಫೈಲು ತಿರುವಿ ನಿವೃತ್ತನಾದವನು, ಆದ್ದರಿಂದ ಹೆದರಬೇಡಿ. ಹೆಡ್ಡು ಎಂದರೆ ಇಂಜಿನ್ನಿನ ಮುಚ್ಚಳ. ಗಾಳಿಯೂ ಪೆಟ್ರೋಲೂ ಒಳಗೆ ಬರುವ ಬಾಗಿಲು, ಹೊಗೆ ಆಚೆ ಹೋಗುವ ಬಾಗಿಲು, ಎರಡೂ ಅದರಲ್ಲೇ ಇವೆ. ಆ ಬಾಗಿಲಿಗೆ ವಾಲ್ವು ಎನ್ನುತ್ತಾರೆ. ಅವು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಹುಕುಂ ಕೊಡುವುದು ಕ್ಯಾಮು. ಉಬ್ಬು ಉಬ್ಬಾಗಿರುವ ಒಂದು ಉಕ್ಕಿನ ಸಲಾಕೆ. ಎಷ್ಟು ಹೊತ್ತು ಎನ್ನುವುದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಕಡಿಮೆ ಡಿಗ್ರಿಯದು ಸಾಧು ಕ್ಯಾಮು, ಜಾಸ್ತಿ ಡಿಗ್ರಿಯದು ಪುಂಡ. ಅಣ್ಣನದು ಇನ್ನೂರೈವತ್ತು ದಾಟಿದ ಮಹಾ ಪುಂಡ ಕ್ಯಾಮು. ಅದನ್ನು ಕಡೆದುಕೊಟ್ಟವರು ಅಂಬತ್ತೂರಿನ ಏಕಾಂಬರಂ, ಆಗ ಮೀಸೆ ಕಪ್ಪಗಿದ್ದ ತರುಣ.

ವಾಲ್ವು ಬಾಗಿಲಿಗೆ ಸರಿಯಾಗಿ ಕೂರಬೇಕಾದರೆ ಅದನ್ನು ಒಂದು ಬಗೆಯ ಕಪ್ಪು ಪೇಸ್ಟು ಹಚ್ಚಿ ಗಂಟೆಗಟ್ಟಲೆ ತೇಯಬೇಕು. ವಾದಿಗೆ ಈ ವಿದ್ಯೆ ಸಲೀಸು. ಚಿಕ್ಕಂದಿನಿಂದ ಅಪ್ಪನ ಪೂಜೆಗೆ ಗಂಧ ತೇಯ್ದ ಮಣಿಕಟ್ಟು ಅವನದು. ಆದರೆ ಬುದ್ಧಿ ಬೇಡವೇ? ಉಳಿದ ಪೇಸ್ಟನ್ನು ಒಂದು ದಿನ ಒಂದು ಹಿತ್ತಾಳೆ ಬಟ್ಟಲಿನಲ್ಲಿ ತೆಗೆದಿಟ್ಟ. ಬಟ್ಟಲು ದೇವರ ಮನೆಯದು. ಯಾರೋ ಅದನ್ನು ಅದರ ಜಾಗದಲ್ಲೇ ಮರಳಿ ಇಟ್ಟರು. ಮರುದಿನ ಬೆಳಿಗ್ಗೆ ಅಪ್ಪ ಅದನ್ನು ದಿನಾ ಹಣೆಗಿಡುವ ಅಂಗಾರವೆಂದು ತಿಳಿದು ಹಣೆಯ ನಡುವೆ ಉದ್ದಕ್ಕೆ ಆ ಕಪ್ಪನ್ನು ಎಳೆದುಕೊಂಡು ಬಂದರಿನ ಕಚೇರಿಗೆ ಹೊರಟುಬಿಟ್ಟರು. ಸಾಯಂಕಾಲ ಬಂದವರು ಹಣೆ ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡಿದ್ದರು. ನೀರಿಗೆ ಹೋಗಲಿಲ್ಲ, ಸೀಗೆಪುಡಿಗೆ ಹೋಗಲಿಲ್ಲ, ಕೊನೆಗೆ ಸೀಮೆಎಣ್ಣೆಗೆ ಹೋಯಿತು. "ಇವತ್ತು ಯಾಕೋ ಅಂಗಾರ ಬಹಳ ಬಿಗಿ" ಎಂದರೇ ಹೊರತು ನಿಜ ಏನೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ವಾದಿಯೂ ನಾನೂ ಹಿತ್ತಲಿನ ತೊಟ್ಟಿಯ ಹಿಂದೆ ಕೂತು ಬಾಯಿಗೆ ಟವಲು ತುರುಕಿಕೊಂಡು ನಕ್ಕದ್ದು ಈಗಲೂ ಪಕ್ಕೆಯಲ್ಲಿ ನೋಯುತ್ತದೆ.

ಆ ಪುಂಡ ಕ್ಯಾಮಿನ ಸದ್ದು ಹೇಗಿತ್ತೆಂದು ಹೇಳಲೇ? ಜೋರಾಗಿ ಓಡುವಾಗ ಏನೂ ವಿಶೇಷವಿಲ್ಲ, ಎಲ್ಲ ಕಾರಿನಂತೆ ಕಿರುಚುತ್ತಿತ್ತು. ನಿಂತಾಗ ಅದರ ಗುಣ. ಒಂದೇ ಸಮ ಗುನುಗುವುದು ಅದಕ್ಕೆ ಗೊತ್ತಿಲ್ಲ. ಢುಗು, ಢುಗು-ಢುಗು, ಢುಗ್, ಸ್ವಲ್ಪ ಮೌನ, ಸತ್ತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಢುಗು-ಢುಗು. ಬಿಕ್ಕಳಿಕೆ ಹತ್ತಿದ ಮಗುವಿನ ಹಾಗೆ ಇಡೀ ಕಾರು ನಡುಗುತ್ತಿತ್ತು. ಅದು ಆರಿಹೋಗದಂತೆ ವಾದಿ ಬಲಗಾಲಿನಿಂದ ಸಣ್ಣಗೆ ಒತ್ತುತ್ತಲೇ ಇರಬೇಕು. ಆ ಅಭ್ಯಾಸ ಎಷ್ಟೆಂದರೆ, ಊಟಕ್ಕೆ ಕೂತಾಗಲೂ ಅವನ ಬಲಗಾಲ ಹೆಬ್ಬೆರಳು ಅಲ್ಲಾಡುತ್ತಿತ್ತು. ಕೊನೆಗೆ ಕ್ಯಾಮಿನ ಉಬ್ಬುಗಳೇ ಸವೆದು ಚಪ್ಪಟೆಯಾದವು. ಅಷ್ಟು ಹೊತ್ತಿಗೆ ಅವನಿಗೂ ಮಂಡಿನೋವು, ಸಕ್ಕರೆ ಕಾಯಿಲೆ. ಕಾರು ಈ ಕ್ರೋಂಪೇಟೆ ಮನೆಯ ಶೆಡ್ಡು ಸೇರಿತು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಪೇಪರು ಓದುತ್ತ ಕೂತವನು ಕೂತಲ್ಲೇ ಹೊರಟುಹೋದ.

ಅವನು ಹೋದ ಮೇಲೆ ಅವನ ಅಂಗಿ ನೋಡಿದರೂ ನನಗೆ ತಡೆದುಕೊಳ್ಳಲು ಆಗುತ್ತಿತ್ತು, ಫೋಟೋ ನೋಡಿದರೂ ಆಗುತ್ತಿತ್ತು. ಆ ಸದ್ದು ಮಾತ್ರ ನೆನಪಾದರೆ ಆಗುತ್ತಿರಲಿಲ್ಲ. ನೆನಪು ಮಾಡಿಕೊಳ್ಳಲು ಹೋದರೆ ಸರಿಯಾಗಿ ಬರುತ್ತಲೂ ಇರಲಿಲ್ಲ. ಢುಗು ಎಷ್ಟು, ಮೌನ ಎಷ್ಟು, ಎಲ್ಲ ಕಲಸಿಹೋಗಿತ್ತು. ಅದನ್ನು ಸಾಯುವುದರೊಳಗೆ ಇನ್ನೊಂದು ಸಲ ಕೇಳಬೇಕು ಎನ್ನುವುದು ನನ್ನ ಏಕೈಕ ಆಸೆಯಾಗಿತ್ತು. ಯಾರಿಗೂ ಹೇಳಿರಲಿಲ್ಲ. ಅರವತ್ತು ದಾಟಿದ ಬ್ರಹ್ಮಚಾರಿ ಮುದುಕ ಕಾರಿನ ಸದ್ದಿಗೆ ಹಂಬಲಿಸುತ್ತಾನೆಂದರೆ ಯಾರು ನಗುವುದಿಲ್ಲ ಹೇಳಿ.

ಹೇಳುವುದಾದರೂ ಯಾರಿಗೆ? ಮನೆಯಲ್ಲಿರುವವರು ಕೆಳಗೆ ಪದ್ಮ ಅತ್ತಿಗೆ ಮತ್ತು ಅವರ ಮಗಳು ಮಾಧವಿ, ಮಹಡಿಯಲ್ಲಿ ನಾನು. ಅತ್ತಿಗೆ ಉಡುಪಿ ಕಡೆಯವರು. ಅವರ ತಂದೆ ಸೌಕಾರ್‌ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಈ ಊರಿಗೆ ಬಂದು ಎಷ್ಟು ವರ್ಷವಾದರೂ ಅವರ ಮಾತಿನಲ್ಲಿ ಸಮುದ್ರದ ಆಚೆ ದಡ ಹಾಗೇ ಉಳಿದಿದೆ. ಕಾರನ್ನು ಅವರು ಕರೆಯುತ್ತಿದ್ದದ್ದು ಸವತಿ ಎಂದು. "ಮದುವೆಯಾದ ಮರುದಿವಸ ನನ್ನನ್ನು ಬಿಟ್ಟು ಅದರ ಅಡಿಯಲ್ಲಿ ಮಲಗಿದ ಮನುಷ್ಯ ಅವರು, ಗೊತ್ತುಂಟಾ ನಿನಗೆ?" ಎಂದು ಇವತ್ತಿಗೂ ಹೇಳುತ್ತಾರೆ. ಮಾಧವಿಗೆ ಮೂರು ವರ್ಷವಾಗಿದ್ದಾಗ ಆದ ಒಂದು ಸಂಗತಿಯನ್ನಂತೂ ಅವರು ಅಣ್ಣನಿಗೆ ಕ್ಷಮಿಸಲೇ ಇಲ್ಲ. ಇಂಜಿನ್ನಿನ ನಾಲ್ಕು ಸಿಲಿಂಡರುಗಳು ಸಾಲಾಗಿ ಉರಿಯುವುದಿಲ್ಲ. ಒಂದಾದ ಮೇಲೆ ಮೂರು, ಆಮೇಲೆ ನಾಲ್ಕು, ಆಮೇಲೆ ಎರಡು. ವಾದಿ ಮಗಳಿಗೆ ಎಣಿಕೆ ಕಲಿಸಿದ್ದೇ ಹಾಗೆ. ಬಾಲವಾಡಿಯ ಟೀಚರು ಅತ್ತಿಗೆಯನ್ನು ಕರೆಸಿ, "ನಿಮ್ಮ ಮಗುವಿಗೆ ಏನೋ ತೊಂದರೆ ಇದ್ದ ಹಾಗಿದೆ, ಒಬ್ಬ ಡಾಕ್ಟರಿಗೆ ತೋರಿಸಿ" ಎಂದಿದ್ದರು. ಅವತ್ತು ರಾತ್ರಿ ಅಣ್ಣನಿಗೆ ಊಟವಿಲ್ಲ. ನನಗೂ ಇಲ್ಲ, ಪಕ್ಕದಲ್ಲಿ ಕೂತು ನಕ್ಕದ್ದಕ್ಕೆ.

ಹಾಗೆ ಎಣಿಕೆ ಕಲಿತವಳು ಇಂಜಿನಿಯರಾಗದೆ ಇನ್ನೇನಾಗುತ್ತಾಳೆ? ಮಾಧವಿ ಒರಗಡಂ ಕಡೆಯ ಕಾರ್ಖಾನೆಯೊಂದರಲ್ಲಿ ಇಂಜಿನ್ನುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಮಾತಾಡುವುದು ಮುಕ್ಕಾಲು ತಮಿಳು, ಉಳಿದದ್ದು ಇಂಗ್ಲಿಷು. ಕನ್ನಡ ನನಗೋಸ್ಕರ, ಅದೂ ಅವಳಿಗೆ ಬೇಕಾದಂತೆ. ಚಿಕ್ಕಪ್ಪ ಎನ್ನುವುದು ಅವಳ ಬಾಯಲ್ಲಿ ಚಿತ್ತಪ್ಪ. ಹೋದ ವರ್ಷ ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಶೆಡ್ಡಿನ ಬಾಗಿಲು ತೆಗೆದು, ಧೂಳು ಹೊಡೆದು, "ಚಿತ್ತಪ್ಪಾ, ಇದಕ್ಕೆ ಟರ್ಬೊ ಹಾಕ್ತೀನಿ. ಜನವರಿಗೆ ಶ್ರೀಪೆರಂಬದೂರ್ ಟ್ರ್ಯಾಕ್‌ನಲ್ಲಿ ಓಟ್ತೀನಿ" ಎಂದಳು.

ನನ್ನ ಕಿವಿ ನೆಟ್ಟಗಾಯಿತು. ಕಾರು ಓಡುತ್ತದೆ ಎಂದರೆ ಸದ್ದು ಬರುತ್ತದೆ. ನನ್ನ ಖುಷಿ ಎರಡೇ ನಿಮಿಷ. ಅಣ್ಣನ ಹಳೆಯ ಹೆಡ್ಡನ್ನು ಬೆಂಚಿನ ಮೇಲಿಟ್ಟು ಅಳೆದು ಅವಳು ತಲೆಯಾಡಿಸಿದಳು.

"ಅಪ್ಪ ಮಾಡಿದ್ದೆಲ್ಲ ತಲೆಕೀಳ ಮಾಡ್ಬೇಕು ಚಿತ್ತಪ್ಪಾ."

"ಅಂದ್ರೆ?"

"ಅವರು ಹೆಡ್‌ನ ತೇಯ್ದು ತೇಯ್ದು ತೆಳ್ಳಗೆ ಮಾಡಿಟ್ಟಿದಾರೆ, ಕಂಪ್ರೆಷನ್ ಏರ್ಲಿ, ಒಳಗೆ ಗಾಳಿ ಇನ್ನೂ ಬಿಗಿಯಾಗಿ ಒತ್ಕೊಳ್ಲಿ ಅಂತ. ಗಾಳಿ ತಾನಾಗಿ ಬರೋ ಇಂಜಿನ್‌ಗೆ ಅದು ಕರೆಕ್ಟ್. ಟರ್ಬೊ ಗಾಳಿನ ತಳ್ಳಿ ತಳ್ಳಿ ತುಂಬತ್ತೆ. ಅದಕ್ಕೆ ಈ ಹೆಡ್ ಹಾಕಿದ್ರೆ ಪಿಸ್ಟನ್‌ನಲ್ಲಿ ಓಟ್ಟೆ ಬೀಳತ್ತೆ, ತೂತು."

"ಕ್ಯಾಮಾದ್ರೂ?"

"ಅದು ಇನ್ನೂ ಮೋಸಂ, ಇನ್ನೂ ಕೆಟ್ಟದು. ಅಪ್ಪನ ಕ್ಯಾಮ್‌ನಲ್ಲಿ ಒಳಗಿನ ಬಾಗ್ಲು ಹೊರಗಿನ ಬಾಗ್ಲು ಎರಡೂ ರೊಂಬ ಹೊತ್ತು ಒಟ್ಟಿಗೆ ತೆರ್ಕೊಂಡಿರತ್ತೆ. ಟರ್ಬೊ ಇದ್ರೆ ಹೊಗೆ ತಿರುಗಿ ಒಳಗೇ ಬರತ್ತೆ. ಸಾಧು ಕ್ಯಾಮ್ ಸಾಕು. ನಿಂತಾಗ ಐಡ್ಲಿಂಗ್ ಕೂಡ ಸ್ಮೂತ್ ಆಗಿರತ್ತೆ, ಹೊಸ ಕಾರು ಹಂಗೆ!"

ಹೊಸ ಕಾರಿನ ಹಾಗೆ! ಅವಳು ಖುಷಿಯಿಂದ ಹೇಳಿದಳು. ಹಾಗಾದರೆ ಆ ಢುಗು-ಢುಗು ಇನ್ನಿಲ್ಲ.

ಹೆಡ್ಡು ಆರಿಸಲು ನನ್ನನ್ನೂ ಪುದುಪೇಟೆಗೆ ಕರೆದುಕೊಂಡು ಹೋದಳು. ಬಿಚ್ಚಿದ ಕಾರುಗಳ ಬಿಡಿಭಾಗವೆಲ್ಲ ಅಲ್ಲಿ ರಾಶಿ ರಾಶಿ. ನಾನು ಹಿರಿಯನೆಂಬ ಗತ್ತಿನಲ್ಲಿ ಇದ್ದುದರಲ್ಲಿ ಫಳಫಳ ಹೊಳೆಯುತ್ತಿದ್ದ ಒಂದನ್ನು ತೋರಿಸಿ "ಇದು ಲಕ್ಷಣವಾಗಿದೆ" ಎಂದೆ. ಅವಳು ವರ್ನಿಯರ್ ಹಿಡಿದು ದಪ್ಪ ಅಳೆದು ನೋಡಿ, "ಚಿತ್ತಪ್ಪಾ, ಇದನ್ನ ಮೂರು ಸಲ ತೇಯ್ದಿದಾರೆ, ಅದಕ್ಕೇ ಹೊಳೀತಿದೆ" ಎಂದು ಕೆಳಗಿಟ್ಟಳು. ಆಮೇಲೆ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಒಂದೊಂದನ್ನೂ ಸ್ಪ್ಯಾನರಿನಿಂದ ತಟ್ಟಿ ಕಿವಿಗೊಟ್ಟು ಕೇಳಿದಳು. ಒಳಗೆ ಬಿರುಕಿದ್ದರೆ ಟಪ್ ಎನ್ನುತ್ತದೆ, ಗಟ್ಟಿಯಾಗಿದ್ದರೆ ಣಣ್ ಎಂದು ಎಳೆಯುತ್ತದೆ. ವಾಲ್ವುಗಳ ನಡುವಿನ ಕಿರಿದಾದ ಜಾಗವನ್ನು ಟಾರ್ಚು ಬಿಟ್ಟು ನೋಡಿದಳು, ಬಿರುಕು ಬಿಡುವುದು ಅಲ್ಲೇ ಅಂತೆ. ಕೊನೆಗೆ ಆರಿಸಿದ್ದು ತುಕ್ಕು ಹಿಡಿದ, ಯಾರೂ ಮುಟ್ಟದ, ನೋಡಲು ದರಿದ್ರವಾದ ಒಂದು ಹೆಡ್ಡು. ಕಾರ್ಖಾನೆಯಿಂದ ಬಂದಾಗಿನ ಪೂರ್ತಿ ದಪ್ಪ ಅದೊಂದಕ್ಕೇ ಉಳಿದಿತ್ತು. ತಟ್ಟಿ ತಟ್ಟಿ ಕಿವಿ ಓರೆ ಮಾಡಿ ಕೇಳುವಾಗ ಅವಳು ಥೇಟು ಅವನೇ. ನಾನು ಆ ಕಡೆ ತಿರುಗಿ ಯಾವುದೋ ಸ್ಟೀರಿಂಗ್ ಚಕ್ರವನ್ನು ನೋಡುತ್ತ ನಿಂತೆ.

ಕ್ಯಾಮು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಏಕಾಂಬರಂ ಇನ್ನೂ ಅಂಬತ್ತೂರಿನಲ್ಲೇ ಇದ್ದರು. ಮೀಸೆ ಬೆಳ್ಳಗಾಗಿತ್ತು, ಕಿವಿ ಮಂದ, ಕೈ ಮಾತ್ರ ಹಾಗೇ. ಅಣ್ಣನ ಸವೆದ ಕ್ಯಾಮನ್ನು ಅಳತೆಗೆಂದು ಕೊಟ್ಟೆ. ಅವರು ಅದನ್ನು ಮಗುವಿನ ಹಾಗೆ ಅಂಗೈಯಲ್ಲಿ ಹಿಡಿದು ತಿರುಗಿಸಿ, ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದರು. ಸಾಲಾಗಿ ನೇತುಹಾಕಿದ, ಕ್ಯಾಮು ಕಡೆಯುವ ಅಚ್ಚುಗಳಲ್ಲಿ ಒಂದರ ಮೇಲೆ ಬಣ್ಣದಲ್ಲಿ ವಾದಿ ಎಂದು ತಮಿಳಿನಲ್ಲಿ ಬರೆದಿತ್ತು. ಇಷ್ಟು ವರ್ಷ ಇಟ್ಟುಕೊಂಡಿದ್ದಾರೆ! ಎಷ್ಟು ಡಿಗ್ರಿ ಬೇಕೆಂದು ಫೋನಿನಲ್ಲಿ ಹೇಳುತ್ತೇನೆಂದು ಬಂದೆ.

ಎರಡು ದಿನ ಕಂಪ್ಯೂಟರಿನಲ್ಲಿ ಏನೇನೋ ಗುಣಿಸಿ, ಬೆಳಿಗ್ಗೆ ದೋಸೆ ತಿನ್ನುತ್ತ ಮಾಧವಿ ತೀರ್ಪು ಕೊಟ್ಟಳು. "ಇನ್ನೂರು ಡಿಗ್ರಿ. ಅದಕ್ಕಿಂತ ಮೇಲೆ ಬೇಡವೇ ಬೇಡ. ಇವತ್ತೇ ಸೊಲ್ಲಿಬಿಡಿ." ಅವಳು ಕೆಲಸಕ್ಕೆ ಹೋದ ಮೇಲೆ ಫೋನು ಮಾಡಿದೆ. ಆ ಕಡೆ ಗ್ರೈಂಡರಿನ ಕಿರುಚಾಟ.

"ಸೊಲ್ಲುಂಗ ಸಾರ್!" ಎಂದರು ಏಕಾಂಬರಂ.

"ಇನ್ನೂರು ಕ್ಯಾಮ್ ಪಣ್ಣುಂಗ" ಎಂದೆ. ಇನ್ನೂರರ ಕ್ಯಾಮು ಮಾಡಿ ಎಂದು. ಮಾತು ತಮಿಳು, ಅಂಕಿ ಯಥಾಪ್ರಕಾರ ಕನ್ನಡ.

ತಮಿಳಿನಲ್ಲಿ ಇನ್ನೂರಕ್ಕೆ ಇರುನೂರು ಎನ್ನಬೇಕು. ಇನ್ನೊರು ಎಂದರೆ ಅಲ್ಲಿ ಬೇರೆಯೇ ಅರ್ಥ: ಇನ್ನೊಂದು.

"ಇನ್ನೊರು ಕ್ಯಾಮಾ?" ಎಂದು ಅವರು ಕೂಗಿದರು. "ಪಳೈಯ ಮಾದಿರಿಯೇವಾ ಸಾರ್?"

ಇನ್ನೊಂದು ಕ್ಯಾಮಾ, ಹಳೆಯದರ ಹಾಗೇನಾ ಎಂದು ಕೇಳುತ್ತಿದ್ದಾರೆ. ನೋಡಿ, ಗ್ರೈಂಡರಿನ ಗಲಾಟೆ ಇತ್ತು, ನಿಜ. ಮಂದ ಕಿವಿ ಅವರದು, ನನ್ನದಲ್ಲ. ನನಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಹುಟ್ಟಿದಾರಭ್ಯ ಕೇಳಿದ ಭಾಷೆ, ಕೇಳಿಸದೆ ಇರಲು ಸಾಧ್ಯವೇ? ಇಲ್ಲ, ಇರುನೂರು, ಎರಡು ನೂರು ಎಂದು ಬಿಡಿಸಿ ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಬಾಯಿ ತೆರೆದೆ. ಗೋಡೆಯ ಮೇಲಿನ ಆ ಅಚ್ಚು ಕಣ್ಣಮುಂದೆ ಬಂತು. "ಆಮ" ಎಂದುಬಿಟ್ಟೆ. ಹೌದು ಎಂದೆ. ಫೋನು ಇಟ್ಟು, ಬೀದಿಯ ಪಿಳ್ಳೆಯಾರ್ ಗಣಪನ ಗುಡಿಯವರೆಗೆ ಹೋಗಿ, ಒಳಗೆ ಹೋಗಲು ಮುಖವಿಲ್ಲದೆ ಹೊರಗಿನಿಂದಲೇ ವಾಪಸು ಬಂದೆ.

ಮೂರು ವಾರದ ಮೇಲೆ ಪೊಟ್ಟಣ ಬಂತು. ಎಣ್ಣೆ ಕಾಗದ ಬಿಚ್ಚಿ ಮಾಧವಿ ಅಳತೆಯ ಗಡಿಯಾರ ಕೂಡಿಸಿ ಕ್ಯಾಮನ್ನು ನಿಧಾನ ತಿರುಗಿಸಿದಳು. ಹುಬ್ಬು ಗಂಟಿಕ್ಕಿತು. ಮತ್ತೆ ತಿರುಗಿಸಿದಳು. "ಇದು ಇನ್ನೂರಲ್ಲ" ಎಂದು ಅಲ್ಲೇ ಏಕಾಂಬರಂಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಸಾರ್ ದಾನಮ್ಮಾ ಇನ್ನೊರು ಕ್ಯಾಮ್ ಕೇಟ್ಟಾರು" ಎಂದರು ಅವರು, ನಿರ್ಮಲವಾಗಿ. ನಿಮ್ಮ ಚಿಕ್ಕಪ್ಪನೇ ತಾನೇ ಇನ್ನೊಂದು ಕೇಳಿದ್ದು ಎಂದು. ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕಳು ನೋಡಿ, ಬೆಂಚು ಹಿಡಿದು, ಆಮೇಲೆ ನೆಲಕ್ಕೇ ಕೂತು, ಕಣ್ಣೊರೆಸಿಕೊಂಡು ನಕ್ಕಳು. "ಅಯ್ಯೋ ಚಿತ್ತಪ್ಪಾ! ನಿಮ್ಮ ಕನ್ನಡ ಲೆಕ್ಕ! ಇದನ್ನ ಆಫೀಸ್‌ನಲ್ಲಿ ಎಲ್ಲರಿಗೂ ಸೊಲ್ಲಬೇಕು!"

ನಾನೂ ನಗಬಹುದಿತ್ತು. ಸಲೀಸಾದ ದಾರಿ ಅವಳೇ ತೆರೆದುಕೊಟ್ಟಿದ್ದಳು. ಮನೆತನದ ಇನ್ನೊಂದು ತಮಾಷೆಯಾಗಿ ಅದು ಸಂಕ್ರಾಂತಿಗೂ ದೀಪಾವಳಿಗೂ ಮರುಹುಟ್ಟು ಪಡೆಯುತ್ತಿತ್ತು. ಆದರೆ ನೆಲದ ಮೇಲೆ ಕೂತು ನಗುವ ಆ ಮುಖ ನೋಡಿ ನನ್ನ ಕೈಯಲ್ಲಿ ಆಗಲಿಲ್ಲ.

"ತಪ್ಪಾಗಿ ಹೇಳಿದ್ದು ನಿಜ ಕಣೇ" ಎಂದೆ. "ಅವರು ಹಳೇದರ ಹಾಗೇನಾ ಅಂತ ತಿರುಗಿ ಕೇಳಿದ್ರು. ನನಗೆ ಕೇಳಿಸ್ತು. ಗೊತ್ತಿದ್ದೂ ಹೌದು ಅಂದೆ. ನಂಗೆ ಆ ಸದ್ದು ಒಂದ್ಸಲ ಕೇಳ್ಬೇಕಿತ್ತು."

ಅವಳ ನಗು ನಿಂತಿತು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಎದ್ದು, ಕ್ಯಾಮನ್ನು ಎಣ್ಣೆ ಕಾಗದದಲ್ಲಿ ಸುತ್ತಿಟ್ಟು, ಕೈ ತೊಳೆದುಕೊಂಡು ಒಳಗೆ ಹೋದಳು. ಮೂರು ವಾರ ಅವಳಿಗೆ ದಂಡವಾಗಿತ್ತು. ಅವತ್ತೆಲ್ಲ ನಾನು ಮಹಡಿಯಿಂದ ಇಳಿಯಲಿಲ್ಲ. ಊಟಕ್ಕೆ ಕರೆಯಲು ಅತ್ತಿಗೆಯೇ ಮೆಟ್ಟಿಲ ಕೆಳಗೆ ನಿಂತು, "ಎಂತದು ನಿಮ್ಮಿಬ್ಬರದ್ದು? ಆ ಸವತಿ ಶೆಡ್ಡಿನಲ್ಲಿದ್ದೂ ಮನೆ ಒಡೆಯುವುದಾ?" ಎಂದು ಕೂಗಿದರು.

ಎರಡು ದಿನ ಕಳೆದು ಮಾಧವಿ ಮಹಡಿ ಹತ್ತಿ ಬಂದಳು. "ಸರಿಯಾದ ಕ್ಯಾಮ್‌ಗೆ ಹೇಳಿದೀನಿ. ಇರುನೂರು ಅಂತ ಎಳುತ್ತಿನಲ್ಲಿ, ಅಕ್ಷರ ಅಕ್ಷರವಾಗಿ ಬರ್ದು ಅನುಪ್ಪಿದೀನಿ. ಮುಂದಿನ ಮಂಗಳವಾರ ಬರತ್ತೆ" ಎಂದಳು. ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತಳು. "ಭಾನುವಾರ ಅಪ್ಪನ ಹೆಡ್ಡೂ ಈ ಕ್ಯಾಮೂ ಹಾಕೋಣ, ಹಳೇ ಕಾರ್ಬುರೇಟರ್ ಹಾಕೋಣ. ಒಂದೇ ಒಂದು ಸಲ. ಆಮೇಲೆ ಬಿಚ್ಚಿಬಿಡ್ತೀನಿ. ಓಕೇವಾ?"

ಬಿಚ್ಚಿದಳು, ಸಾಧು ಕ್ಯಾಮು ಹಾಕಿದಳು, ಜನವರಿಯಲ್ಲಿ ಟ್ರ್ಯಾಕಿನಲ್ಲಿ ಓಡಿಸಿದಳು ಕೂಡ. ಅದು ಅವಳ ಕಥೆ, ಅವಳ ಬಾಯಿಂದಲೇ ಕೇಳಬೇಕು, ನಾನು ಹೇಳಿದರೆ ರುಚಿ ಕೆಡುತ್ತದೆ. ನನ್ನದು ಆ ಭಾನುವಾರ ಮಾತ್ರ.

ಬೆಳಿಗ್ಗೆ ಹನ್ನೊಂದರ ಸುಮಾರು. ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿಕೊಂಡು ಬಂದೆವು. ಹಳೆಯ ಟ್ಯಾಂಕು ತೂತಾಗಿದ್ದರಿಂದ ಒಂದು ಕ್ಯಾನಿನಲ್ಲಿ ಪೆಟ್ರೋಲು ಹಾಕಿ ಪೈಪು ಸಿಕ್ಕಿಸಿದ್ದಳು. ಕೀಲಿ ತಿರುಗಿಸಿದಳು. ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಆದರೆ ಹೊಸ ಕ್ಯಾಮನ್ನು ಹತ್ತಿದ ತಕ್ಷಣ ನಿಧಾನಕ್ಕೆ ಓಡಿಸುವ ಹಾಗಿಲ್ಲವಂತೆ. ಮೊದಲು ಇಪ್ಪತ್ತು ನಿಮಿಷ ಜೋರಾಗಿಯೇ ಓಡಿಸಿ ಪಳಗಿಸಬೇಕು, ಇಲ್ಲವಾದರೆ ಉಬ್ಬು ಕಿತ್ತುಹೋಗುತ್ತದೆ. ಇಪ್ಪತ್ತು ನಿಮಿಷ ಅದು ಒಂದೇ ಉಸಿರಿಗೆ ಅರಚಿತು. ಎದುರು ಮನೆಯವರು ಬಾಲ್ಕನಿಗೆ ಬಂದು ಕೈ ಬೀಸಿ ಏನೋ ಕೂಗಿದರು. ಅಡುಗೆಮನೆಯ ಕಿಟಕಿಯಿಂದ ಅತ್ತಿಗೆ, "ಎಂತ ರಾಗು, ನಿನಗೂ ಮರ್ಲಾ? ಒಬ್ಬರ ಹುಚ್ಚು ಸಾಕಾಗ್ಲಿಲ್ವಾ ಈ ಮನೆಗೆ?" ಎಂದು ಕಿರುಚಿ ಕಿಟಕಿಯನ್ನು ದಡಾರನೆ ಮುಚ್ಚಿಕೊಂಡರು. ಆ ಗಲಾಟೆಯಲ್ಲಿ ನನ್ನ ಅಣ್ಣನದೆನ್ನುವಂಥದ್ದು ಏನೂ ಇರಲಿಲ್ಲ. ಇಷ್ಟಕ್ಕೇ ಇವಳಿಗೆ ಮೋಸ ಮಾಡಿದೆನೇ ಎಂದು ಒಳಗೊಳಗೇ ಕುಗ್ಗಿದೆ.

ಮಾಧವಿ ಗಡಿಯಾರ ನೋಡಿಕೊಂಡು ಕಾಲು ಸಡಿಲಿಸಿದಳು. ಅರಚಾಟ ಇಳಿಯಿತು, ಇನ್ನೂ ಇಳಿಯಿತು. ಆರಿಹೋಯಿತು ಎಂದುಕೊಂಡೆ.

ಢುಗು. ಢುಗು-ಢುಗು. ಢುಗ್.

ಅದೇ. ಒಂದು ಕೂದಲೆಳೆಯಷ್ಟೂ ಬೇರೆಯಿಲ್ಲ. ನಾನು ಕಲಸಿಕೊಂಡಿದ್ದ ಮೌನದ ಅಳತೆಯೂ ಅದೇ. ಇಡೀ ಕಾರು ನಡುಗುತ್ತಿತ್ತು, ಮಾಧವಿಯ ಬಲಗಾಲು ಸಣ್ಣಗೆ ಒತ್ತುತ್ತಿತ್ತು. ಕಣ್ಣು ತುಂಬಿ ಬಂತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತೆ. ಈ ಲೋಕದಲ್ಲಿ ಇದು ನನಗೊಬ್ಬನಿಗೇ ಬೇಕಾಗಿತ್ತು ಎಂದುಕೊಂಡು ನಿಂತೆ.

ಮುಂಬಾಗಿಲು ತೆರೆದುಕೊಂಡಿತು. ಅತ್ತಿಗೆ ಲಗುಬಗೆಯಿಂದ ಹೊರಗೆ ಬಂದರು. ಕೈಯೆಲ್ಲ ಅಕ್ಕಿ ಹಿಟ್ಟು, ಒಂದು ಕೈಯಿಂದ ಹಣೆಯ ಕೂದಲು ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದರು. ನಮ್ಮನ್ನು ನೋಡಲಿಲ್ಲ. ನೋಡಿದ್ದು ಗೇಟಿನ ಕಡೆ.

"ಬಂದ್ರಾ?" ಎಂದರು.

ಗೇಟು ಮುಚ್ಚಿತ್ತು. ಅವರು ಗೇಟನ್ನು ನೋಡಿದರು, ಕಾರನ್ನು ನೋಡಿದರು, ಕಾರಿನೊಳಗಿದ್ದ ಮಗಳನ್ನು ನೋಡಿದರು. ಆಡಿದ ಮಾತು ಅವರಿಗೇ ಆಗ ಕೇಳಿಸಿರಬೇಕು. ಮಾಧವಿಯ ಕೈ ಮೆಲ್ಲಗೆ ಕೀಲಿಯ ಕಡೆ ಹೋಯಿತು.

"ಬೇಡ" ಎಂದರು ಅತ್ತಿಗೆ. "ಆರಿಸ್ಬೇಡ ಮಗಾ."

ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ನಾನೂ ಹೋಗಿ ಎರಡು ಮೆಟ್ಟಿಲು ಕೆಳಗೆ ಕೂತೆ. ಕ್ಯಾನಿನಲ್ಲಿದ್ದ ಪೆಟ್ರೋಲು ಮುಗಿಯುವವರೆಗೆ ಮೂವರಲ್ಲಿ ಯಾರೂ ಏಳಲಿಲ್ಲ.